‘ತೆಗೆದುಕೊಳ್ಳುತ್ತಿದ್ದರು’ ಅಂದರೆ ಈಗಲೂನಾ? ಒಬ್ಬ ನರ್ಸ್, ಒಂದು ಪತ್ರ, ಇಂಗ್ಲಿಷಿನ ‘ಇಂಗ್’

ಪತ್ರದಲ್ಲಿ ಸ್ಪೆಲ್ಲಿಂಗ್ ತಪ್ಪು ಒಂದೂ ಇರಲಿಲ್ಲ. ದುಂಡು ಅಕ್ಷರ, ನೇರ ಸಾಲು, ಮೇಲೆ ತಾರೀಕು, ಕೆಳಗೆ ಸಹಿ. ಬರೆದವರು ಉಡುಪಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಆರು ವರ್ಷದಿಂದ ಇರುವ ನರ್ಸ್. ಊರು ಕಾಪು, ಮನೆಮಾತು ತುಳು, ಹತ್ತನೇ ತರಗತಿವರೆಗೆ ಓದಿದ್ದು ಕನ್ನಡ ಮಾಧ್ಯಮದಲ್ಲಿ. ಬೆಳಗ್ಗಿನ ಡ್ಯೂಟಿ ಮುಗಿಸಿ ಮಧ್ಯಾಹ್ನ ಮೂರು ಗಂಟೆಗೆ ನನ್ನ ಮನೆಗೆ ಬಂದಿದ್ದರು. ಊಟದ ಮೇಜಿನ ಮೇಲೆ ಪತ್ರ ಇಟ್ಟು, "ಟೀಚರ್, ಇದರಲ್ಲಿ ಎಂಥ ತಪ್ಪು ಉಂಟು ಹೇಳಿ. ನನಗೆ ಒಂದೂ ಕಾಣ್ತಾ ಇಲ್ಲ" ಅಂದರು.

ನಾನು ಓದುತ್ತಾ ಹೋದೆ. ನಾಲ್ಕನೇ ಸಾಲಿನಲ್ಲಿ ನಿಂತೆ. "ಹಿ ವಾಸ್ ಟೇಕಿಂಗ್ ಆಸ್ಪಿರಿನ್."

"ಈ ರೋಗಿ ಆಸ್ಪಿರಿನ್ ಬಿಟ್ಟು ಎಷ್ಟು ದಿನ ಆಯ್ತು?" ಅಂತ ಕೇಳಿದೆ.

"ಬಿಟ್ಟಿಲ್ಲ ಟೀಚರ್. ಈಗಲೂ ದಿನಾ ತೆಗೊಳ್ತಾರೆ."

"ಪತ್ರ ಓದಿದರೆ ಬಿಟ್ಟ ಹಾಗೆ ಉಂಟಲ್ಲ?"

ಅವರು ಪತ್ರವನ್ನು ತಮ್ಮ ಕಡೆ ತಿರುಗಿಸಿಕೊಂಡು ಎರಡು ಸಲ ಓದಿದರು. ಬಿಟ್ಟರು ಅನ್ನುವ ಮಾತೇ ಅದರಲ್ಲಿ ಇಲ್ಲವಲ್ಲ ಅನ್ನುವುದು ಅವರ ಮುಖದಲ್ಲೇ ಕಾಣುತ್ತಿತ್ತು.

ಅದು ನಿಜವಾದ ರೋಗಿಯ ಪತ್ರ ಅಲ್ಲ, ಇಂಗ್ಲಿಷ್ ಪರೀಕ್ಷೆಗೆ ಬರೆದ ಅಭ್ಯಾಸದ ಪತ್ರ. ರೋಗಿ ಕಾಗದದ ಮೇಲಿನ 68 ವರ್ಷದ ಅಜ್ಜ. ಮೆಟ್ಟಿಲಿನಿಂದ ಜಾರಿ ಬಿದ್ದು ಸೊಂಟದ ಮೂಳೆ ಮುರಿದಿದೆ, ಆಪರೇಷನ್‌ಗೆ ಬೇರೆ ಆಸ್ಪತ್ರೆಗೆ ಕಳಿಸಬೇಕು. ಆಸ್ಪಿರಿನ್ ರಕ್ತ ಹೆಪ್ಪುಗಟ್ಟುವುದನ್ನು ತಡೆಯುವ ಮಾತ್ರೆ. ಆಪರೇಷನ್ ಮಾಡುವವರಿಗೆ ಮೊದಲು ಗೊತ್ತಾಗಬೇಕಾದ್ದೇ ಅದು. ರೋಗಿ ಈಗ ಮಾತ್ರೆ ತೆಗೆದುಕೊಳ್ಳುತ್ತಾರಾ, ಅಥವಾ ಹಿಂದೆ ಯಾವಾಗಲೋ ತೆಗೆದುಕೊಳ್ಳುತ್ತಿದ್ದರಾ? ಒಂದು ಕ್ರಿಯಾಪದದ ಬಾಲದಲ್ಲಿ ರಕ್ತಸ್ರಾವದ ಪ್ರಶ್ನೆ ಕೂತಿತ್ತು. ಹಾಗಾಗಿ ನಾನು ಈ ಪ್ರಕರಣವನ್ನು ಸುಮ್ನೆ ವ್ಯಾಕರಣದ ವಿಷಯ ಅಂತ ನೋಡಲಿಲ್ಲ.

ಪರೀಕ್ಷೆ ಯಾವುದು

ಅವರು ಬರೆಯುತ್ತಿದ್ದದ್ದು ಆಕ್ಯುಪೇಷನಲ್ ಇಂಗ್ಲಿಷ್ ಟೆಸ್ಟ್, ಎಲ್ಲರೂ ಒಇಟಿ ಅನ್ನುವುದು. ಬ್ರಿಟನ್ನಿಗೆ ಹೋಗುವ ನರ್ಸ್‌ಗಳಿಗೆ ನಮ್ಮ ಕಡೆ ಇದು ಚೆನ್ನಾಗಿ ಗೊತ್ತು. ಅದರಲ್ಲಿ ಬರೆಯುವ ಭಾಗಕ್ಕೆ 45 ನಿಮಿಷ. ಮೊದಲ ಐದು ನಿಮಿಷ ರೋಗಿಯ ಟಿಪ್ಪಣಿ ಓದುವುದಕ್ಕೆ ಮಾತ್ರ, ಪೆನ್ನು ಮುಟ್ಟುವ ಹಾಗಿಲ್ಲ. ಉಳಿದ 40 ನಿಮಿಷದಲ್ಲಿ ಸುಮಾರು 180ರಿಂದ 200 ಪದದ ಪತ್ರ. ಅಂಕ 500ಕ್ಕೆ. ಬ್ರಿಟನ್ನಿನ ನರ್ಸಿಂಗ್ ಕೌನ್ಸಿಲ್‌ಗೆ ಓದುವುದು, ಕೇಳುವುದು, ಮಾತಾಡುವುದು ಮೂರರಲ್ಲೂ ಬಿ ಗ್ರೇಡ್, ಅಂದರೆ 350 ಬೇಕು. ಬರೆಯುವುದರಲ್ಲಿ ಸಿ ಪ್ಲಸ್, 300 ಸಾಕು. ಇವರಿಗೆ ಮೊದಲ ಸಲ ಮಾತಿನಲ್ಲಿ, ಓದಿನಲ್ಲಿ, ಕೇಳುವುದರಲ್ಲಿ ಬಿ ಬಂತು. ಬರಹದಲ್ಲಿ 280. ಇಪ್ಪತ್ತು ಅಂಕಕ್ಕೆ ನಿಂತುಹೋಯಿತು.

ಟಿಪ್ಪಣಿಯಲ್ಲಿ ಪೂರ್ತಿ ವಾಕ್ಯ ಇರುವುದಿಲ್ಲ. "ಆಸ್ಪಿರಿನ್ 75 ಎಂಜಿ ಡೈಲಿ", "ಲಿವ್ಸ್ ಅಲೋನ್", "ಎಕ್ಸ್ ಸ್ಮೋಕರ್, 2019" ಅಂತ ತುಂಡು ತುಂಡು ಇರುತ್ತದೆ. ಅದಕ್ಕೆ ಕ್ರಿಯಾಪದ ಜೋಡಿಸಿ ವಾಕ್ಯ ಮಾಡುವುದು ಬರೆಯುವವರ ಕೆಲಸ. ಟೆನ್ಸ್ ಗೊತ್ತಿಲ್ಲದವರು ಅಲ್ಲಿ ಬಚ್ಚಿಟ್ಟುಕೊಳ್ಳಲು ಜಾಗವೇ ಇಲ್ಲ.

ಏಳು ಸುತ್ತು

ಆ ಪತ್ರದಲ್ಲಿ ಏಳು ಕ್ರಿಯಾಪದಕ್ಕೆ ಪೆನ್ಸಿಲಿನಿಂದ ಸುತ್ತು ಹಾಕಿದೆ. "ಹಿ ವಾಸ್ ಟೇಕಿಂಗ್ ಆಸ್ಪಿರಿನ್." "ಹಿ ಈಸ್ ಹ್ಯಾವಿಂಗ್ ಡಯಾಬಿಟಿಸ್." "ಹಿ ಈಸ್ ಲಿವಿಂಗ್ ಅಲೋನ್." "ಹಿ ವಾಸ್ ಸ್ಮೋಕಿಂಗ್ ಟೆನ್ ಸಿಗರೇಟ್ಸ್ ಎ ಡೇ." ಹೀಗೆ. ಏಳರಲ್ಲೂ ಇಂಗ್ ಇತ್ತು. ಎಂಟನೆಯ ಇಂಗ್ ಮೊದಲ ಸಾಲಿನಲ್ಲಿ, "ಐ ಆಮ್ ರೈಟಿಂಗ್ ಟು ರೆಫರ್" ಅಂತ. ಅದೊಂದು ಸರಿಯಾಗಿತ್ತು, ಬಿಟ್ಟೆ.

ಅವರ ನೋಟ್‌ಬುಕ್ ತೆಗೆಸಿ ನೋಡಿದೆ. ಹಿಂದೆ ಹೋಗಿದ್ದ ಒಂದು ಕೋಚಿಂಗ್ ಕ್ಲಾಸಿನಲ್ಲಿ ಕೊಟ್ಟ ಚಾರ್ಟ್ ಮೊದಲ ಪುಟದಲ್ಲೇ ಇತ್ತು. ಮಾಡುತ್ತೇನೆ ಅಂದರೆ ಡು. ಮಾಡುತ್ತಿದ್ದೇನೆ ಅಂದರೆ ಆಮ್ ಡೂಯಿಂಗ್. ಮಾಡುತ್ತಿದ್ದೆ ಅಂದರೆ ವಾಸ್ ಡೂಯಿಂಗ್. ಕೆಂಪು ಇಂಕಿನಲ್ಲಿ ಚೌಕ ಹಾಕಿ ಬರೆದಿದ್ದರು: ತ್ತಿ ಬಂದರೆ ಇಂಗ್.

ಈ ಚಾರ್ಟ್ ಬರೆದವರನ್ನು ನಾನು ದೂರುವುದಿಲ್ಲ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ನಾನೂ ಇದನ್ನೇ ಬೋರ್ಡಿನ ಮೇಲೆ ಬರೆದಿದ್ದೇನೆ. ಹತ್ತಕ್ಕೆ ಆರೇಳು ಸಲ ಇದು ಸರಿಯಾಗಿಯೇ ಕೆಲಸ ಮಾಡುತ್ತದೆ. ಮಳೆ ಬರುತ್ತಿದೆ, ಇಟ್ ಈಸ್ ರೈನಿಂಗ್. ಅವಳು ಅಡುಗೆ ಮಾಡುತ್ತಿದ್ದಾಳೆ, ಶಿ ಈಸ್ ಕುಕಿಂಗ್. ಹಾಗಾಗಿಯೇ ಮಕ್ಕಳು ಅದನ್ನು ನಂಬುತ್ತಾರೆ. ನಂಬಿದ ಮೇಲೆ ಉಳಿದ ಮೂರು ಸಲವೂ ಅದನ್ನೇ ಹಿಡಿದುಕೊಂಡು ನಡೆಯುತ್ತಾರೆ.

ನಮ್ಮ ‘ತ್ತಿದ್ದೆ’ ಎರಡು ಕೆಲಸ ಮಾಡುತ್ತದೆ. "ನೀವು ಫೋನ್ ಮಾಡಿದಾಗ ನಾನು ಊಟ ಮಾಡುತ್ತಿದ್ದೆ" ಅಂದರೆ ಆ ಹೊತ್ತಿಗೆ ಬಾಯಲ್ಲಿ ಅನ್ನ ಇತ್ತು. "ಚಿಕ್ಕವಳಿದ್ದಾಗ ಪ್ರತಿ ರಜೆಗೆ ಅಜ್ಜಿ ಮನೆಗೆ ಹೋಗುತ್ತಿದ್ದೆ" ಅಂದರೆ ಅದು ರೂಢಿ. ಕನ್ನಡಕ್ಕೆ ಎರಡಕ್ಕೂ ಒಂದೇ ರೂಪ ಸಾಕು, ಕೇಳುವವರಿಗೆ ಗೊಂದಲ ಇಲ್ಲ. ಇಂಗ್ಲಿಷ್ ಮೊದಲನೆಯದಕ್ಕೆ ಮಾತ್ರ ವಾಸ್ ಈಟಿಂಗ್ ಅನ್ನುತ್ತದೆ. ಎರಡನೆಯದಕ್ಕೆ ವೆಂಟ್ ಅಥವಾ ಯೂಸ್ಡ್ ಟು ಗೋ. ಬೀಡಿ ಸಿಗರೇಟಿನ ರೂಢಿಯೂ ಹಾಗೇ. ಅಜ್ಜ 2019ರವರೆಗೆ ದಿನಕ್ಕೆ ಹತ್ತು ಸೇದುತ್ತಿದ್ದರು, ಹಿ ಸ್ಮೋಕ್ಡ್, ಇಲ್ಲವೇ ಹಿ ಯೂಸ್ಡ್ ಟು ಸ್ಮೋಕ್.

ಆಸ್ಪಿರಿನ್ ವಿಷಯದಲ್ಲಿ ಇನ್ನೊಂದು ತೊಡಕು ಇತ್ತು. ವಾರ್ಡಿನಲ್ಲಿ ನರ್ಸ್‌ಗಳು ರೋಗಿಯ ಮನೆಯವರನ್ನು ಕೇಳುವುದೇ "ಮನೆಯಲ್ಲಿ ಯಾವ ಮಾತ್ರೆ ತೆಗೊಳ್ತಾ ಇದ್ದರು?" ಅಂತ. ಆಸ್ಪತ್ರೆಗೆ ಬರುವ ಮೊದಲು ಅನ್ನುವ ಅರ್ಥದಲ್ಲಿ. ಆ ಮಾತಿನಲ್ಲಿ ಬಿಟ್ಟರು ಅನ್ನುವ ಸುಳಿವೇ ಇಲ್ಲ. ಅದೇ ಮಾತನ್ನು ಚಾರ್ಟಿನ ಮೇಲೆ ಇಟ್ಟು ಇಂಗ್ಲಿಷಿಗೆ ಇಳಿಸಿದಾಗ, ಇನ್ಯಾವ ಹೊತ್ತನ್ನೂ ಹೇಳದೆ ಬರೆದ "ವಾಸ್ ಟೇಕಿಂಗ್" ಓದುವವರಿಗೆ "ಆಗ ತೆಗೆದುಕೊಳ್ಳುತ್ತಿದ್ದರು, ಈಗ ಇಲ್ಲವೇನೋ" ಅನ್ನಿಸುತ್ತದೆ. ಬೇಕಾದದ್ದು ಮೂರೇ ಪದ: ಹಿ ಟೇಕ್ಸ್ ಆಸ್ಪಿರಿನ್.

ನಾನು ಮೊದಲು ಮಾಡಿದ ತಪ್ಪು

ಮೊದಲ ವಾರ ನಾನು ಪುಸ್ತಕದ ದಾರಿ ಹಿಡಿದೆ. ಇಂಗ್ ಒಪ್ಪದ ಕ್ರಿಯಾಪದಗಳ ಪಟ್ಟಿ ಕೊಟ್ಟೆ. ನೋ, ವಾಂಟ್, ಲೈಕ್, ಬಿಲೀವ್, ಅಂಡರ್‌ಸ್ಟ್ಯಾಂಡ್, ಬಿಲಾಂಗ್, ನೀಡ್, ಹ್ಯಾವ್. ಇವು ಸ್ಥಿತಿ ಹೇಳುವ ಪದಗಳು, ಕೆಲಸ ಹೇಳುವುದಿಲ್ಲ, ಹಾಗಾಗಿ ಇಂಗ್ ಬೇಡ ಅಂದೆ. ಅವರು ಶ್ರದ್ಧೆಯಿಂದ ಬಾಯಿಪಾಠ ಮಾಡಿದರು. ಬಸ್ಸಿನಲ್ಲಿ ಕೂಡ ಚೀಟಿ ಹಿಡಿದುಕೊಂಡು ಓದುತ್ತಿದ್ದರಂತೆ.

ಎರಡನೇ ವಾರ ಮಾತಿನ ಅಭ್ಯಾಸಕ್ಕೆ ನಾನೇ ರೋಗಿಯಾಗಿ ಕೂತೆ. ಗಂಡನ ರಿಪೋರ್ಟ್ ಬಂದು ಅಳುತ್ತಿರುವ ಹೆಂಗಸಿನ ಪಾತ್ರ. ಮುಖ ಮುಚ್ಚಿಕೊಂಡು ಕೂತಿದ್ದೆ. ಅವರು ಕುರ್ಚಿ ಹತ್ತಿರ ಎಳೆದುಕೊಂಡು, ಬಹಳ ಮೆತ್ತಗೆ, ಕೈ ಮೇಲೆ ಕೈಯಿಟ್ಟು ಕೇಳಿದರು: "ವೈ ಡು ಯು ಕ್ರೈ?"

ದನಿಯಲ್ಲಿ ಅಷ್ಟು ಕರುಣೆ. ಆದರೆ ಇಂಗ್ಲಿಷ್ ಕಿವಿಗೆ ಆ ಮಾತು "ನೀವು ಯಾವಾಗಲೂ ಯಾಕೆ ಅಳ್ತೀರಿ?" ಅಂತ ಕೇಳುತ್ತದೆ. ಕಣ್ಣೀರು ಕಣ್ಣೆದುರೇ ಇಳಿಯುತ್ತಿರುವಾಗ "ವೈ ಆರ್ ಯು ಕ್ರೈಯಿಂಗ್?" ಅಂತಲೇ ಕೇಳಬೇಕು. ಆ ದಿನ ಬರೆದ ಪತ್ರದಲ್ಲೂ "ದ ವೂಂಡ್ ಹೀಲ್ಸ್ ವೆಲ್" ಅಂತ ಇತ್ತು. ಗಾಯ ದಿನದಿಂದ ದಿನಕ್ಕೆ ಮಾಯುತ್ತಿದೆ, ಇನ್ನೂ ಪೂರ್ತಿ ಮಾಗಿಲ್ಲ, ಅಲ್ಲಿ "ಈಸ್ ಹೀಲಿಂಗ್" ಬೇಕೇ ಬೇಕು. ನಾನು ಕೊಟ್ಟ ಪಟ್ಟಿ ಅವರಿಗೆ ಒಂದೇ ಪಾಠ ಕಲಿಸಿತ್ತು: ಇಂಗ್ ಅಪಾಯ, ತೆಗೆದುಬಿಡು. ಮೊದಲಿಗಿಂತ ಜಾಸ್ತಿ ಹೆದರಿಸಿಬಿಟ್ಟಿದ್ದೆ. ಆರು ವರ್ಷ ವಾರ್ಡಿನಲ್ಲಿ ಧೈರ್ಯವಾಗಿ ಮಾತಾಡಿದವರು ಈಗ ಪ್ರತಿ ಕ್ರಿಯಾಪದದ ಮುಂದೆ ತಡವರಿಸುತ್ತಿದ್ದರು. ಅದು ನನಗೆ ತುಂಬಾ ಬೇಜಾರಾಯಿತು.

ಅಲ್ಲದೆ ಪಟ್ಟಿಯೂ ಪೂರ್ತಿ ನಿಜ ಅಲ್ಲ. ಹ್ಯಾವ್ ಅನ್ನುವ ಒಂದೇ ಪದ ನೋಡಿ. "ಹಿ ಈಸ್ ಹ್ಯಾವಿಂಗ್ ಲಂಚ್" ಸರಿ, ಊಟ ನಡೆಯುತ್ತಿದೆ. "ಹಿ ಈಸ್ ಹ್ಯಾವಿಂಗ್ ಡಯಾಬಿಟಿಸ್" ತಪ್ಪು. ಇವರು ಮೊದಲ ದಿನ ಪರಿಚಯ ಹೇಳುವಾಗ "ಐ ಆಮ್ ಹ್ಯಾವಿಂಗ್ ಎ ಬೇಬಿ" ಅಂದಿದ್ದರು. ಮನೆಯಲ್ಲಿ ಮೂರು ವರ್ಷದ ಮಗಳು ಇದ್ದಾಳೆ ಅಂತ ಹೇಳಬೇಕಿತ್ತು. ಇಂಗ್ಲಿಷಿನಲ್ಲಿ ಅದು ಬಸುರಿ ಹೇಳುವ ಮಾತು. ಹೆರಿಗೆ ವಾರ್ಡಿನಲ್ಲಿ ಈ ಎರಡರ ನಡುವಿನ ವ್ಯತ್ಯಾಸ ಎಷ್ಟು ದೊಡ್ಡದು ಅಂತ ನರ್ಸ್‌ಗೆ ನಾನು ಹೇಳಬೇಕಾಗಿಲ್ಲ.

ಅವರೇ ಒಂದು ಒಳ್ಳೆಯ ಪ್ರಶ್ನೆ ಕೇಳಿದರು. "ಡಯಾಬಿಟಿಸ್‌ಗೆ ಹ್ಯಾವಿಂಗ್ ಬೇಡ ಅಂತೀರಿ. ವಿಡಿಯೋದಲ್ಲಿ ಇಂಗ್ಲಿಷಿನವರೇ ‘ಆರ್ ಯು ಹ್ಯಾವಿಂಗ್ ಎನಿ ಪೇನ್’ ಅಂತ ಕೇಳ್ತಾರಲ್ಲ ಟೀಚರ್?"

ನನ್ನ ಪಟ್ಟಿಯಲ್ಲಿ ಅದಕ್ಕೆ ಉತ್ತರ ಇರಲಿಲ್ಲ. ಪಟ್ಟಿಯನ್ನು ಅವತ್ತೇ ಬಿಟ್ಟೆ.

ಕೂತಿದ್ದಾರೆ

ಮೂರನೇ ವಾರ ಇಂಗ್ಲಿಷ್ ಪುಸ್ತಕ ಮುಚ್ಚಿ ಇಟ್ಟೆವು. ರಾತ್ರಿ ಡ್ಯೂಟಿಯಿಂದ ಬೆಳಗ್ಗಿನವರಿಗೆ ವಾರ್ಡ್ ಒಪ್ಪಿಸುವಾಗ ನೀವು ಏನು ಹೇಳ್ತೀರೋ ಅದನ್ನು ಕನ್ನಡದಲ್ಲೇ ಹೇಳಿ ಅಂದೆ. ಹೆಸರು ಬೇಡ, ಬೆಡ್ ನಂಬರ್ ಸಾಕು. ನಾನು ಬರೆದುಕೊಂಡೆ.

"ಒಂದನೇ ಬೆಡ್ ಮಲಗಿದ್ದಾರೆ. ಎರಡನೇ ಬೆಡ್ ಎದ್ದು ಕೂತಿದ್ದಾರೆ, ಚಾ ಕುಡೀತಾ ಇದ್ದಾರೆ. ಮೂರಕ್ಕೆ ಡ್ರಿಪ್ ಹೋಗ್ತಾ ಉಂಟು. ನಾಲ್ಕಕ್ಕೆ ಶುಗರ್ ಉಂಟು. ಐದನೇ ಬೆಡ್ಡಿನವರ ಮಗ ಹೊರಗೆ ನಿಂತಿದ್ದಾನೆ. ಅವರಿಗೆ ಈಗ ಸ್ವಲ್ಪ ಸ್ವಲ್ಪ ಅರ್ಥ ಆಗ್ತಾ ಉಂಟು."

ಪೇಪರನ್ನು ಅವರ ಮುಂದೆ ತಳ್ಳಿದೆ. ತ್ತಿ ಅಥವಾ ತಾ ಇರುವ ಕಡೆಗೆಲ್ಲ ಗೆರೆ ಎಳೆಯಿರಿ ಅಂದೆ. ಎಳೆದರು. ಕುಡೀತಾ, ಹೋಗ್ತಾ, ಆಗ್ತಾ. ಮೂರು ಗೆರೆ. ಈಗ ಪ್ರತಿ ವಾಕ್ಯದ ಕೆಳಗೆ ಇಂಗ್ಲಿಷ್ ಬರೆದೆವು. ಈಸ್ ಸ್ಲೀಪಿಂಗ್. ಈಸ್ ಸಿಟ್ಟಿಂಗ್ ಅಪ್. ಈಸ್ ಡ್ರಿಂಕಿಂಗ್. ಈಸ್ ರನ್ನಿಂಗ್. ಹ್ಯಾಸ್ ಡಯಾಬಿಟಿಸ್. ಈಸ್ ಸ್ಟ್ಯಾಂಡಿಂಗ್. ಅಂಡರ್‌ಸ್ಟ್ಯಾಂಡ್ಸ್.

ಅವರ ಬೆರಳು ‘ಕೂತಿದ್ದಾರೆ’ ಮೇಲೆ ನಿಂತಿತು. ಮೇಲೆ ಕೆಳಗೆ ಎರಡು ಮೂರು ಸಲ ಓಡಾಡಿತು. ಪೆನ್ನಿನ ಮುಚ್ಚಳ ಹಾಕಿ ಪಕ್ಕಕ್ಕೆ ಇಟ್ಟರು.

"ಕೂತಿದ್ದಾರೆ ಅನ್ನುವಲ್ಲಿ ತಾ ಇಲ್ಲ. ಆದ್ರೂ ಇಂಗ್ ಬಂತು. ಅರ್ಥ ಆಗ್ತಾ ಉಂಟು ಅನ್ನುವಲ್ಲಿ ತಾ ಉಂಟು. ಇಂಗ್ ಇಲ್ಲ."

"ಹೌದು."

"ಹಾಗಾದ್ರೆ ಚಾರ್ಟ್ ಸುಳ್ಳು ಟೀಚರ್."

ನಾನು ಒಂದು ಮಾತೂ ಸೇರಿಸಲಿಲ್ಲ. ಅವರೇ ಕಂಡುಕೊಂಡದ್ದು ಅದು. ಕನ್ನಡದಲ್ಲಿ ಮಲಗುವುದು, ಕೂರುವುದು, ನಿಲ್ಲುವುದು, ಸೀರೆ ಉಡುವುದು ಎಲ್ಲ ಒಂದು ಸಲ ಆಗಿ ಮುಗಿಯುವ ಕೆಲಸ. ಕೂತ ಮೇಲೆ ಕೂತಿದ್ದಾರೆ, ಉಟ್ಟ ಮೇಲೆ ಉಟ್ಟಿದ್ದಾರೆ. "ಕೂರುತ್ತಿದ್ದಾರೆ" ಅಂದರೆ ಇನ್ನೂ ಮೊಣಕಾಲು ಬಗ್ಗಿಸುತ್ತಿದ್ದಾರೆ ಅಂತ. ಇಂಗ್ಲಿಷಿನ ಸಿಟ್ಟಿಂಗ್ ಆ ಇಡೀ ಹೊತ್ತನ್ನು ಹಿಡಿಯುತ್ತದೆ. ತುಳುವಿನಲ್ಲೂ ಇದೇ ಕಥೆ. ಮಲ್ತೊಂದುಲ್ಲೆ ಅಂದರೆ ಆಮ್ ಡೂಯಿಂಗ್, ನಿಜ. ಆದರೆ ಎಂಕ್ ಗೊತ್ತುಂಡು ಅನ್ನುವುದನ್ನು ಐ ಆಮ್ ನೋಯಿಂಗ್ ಮಾಡಲು ತುಳುವೇ ಒಪ್ಪುವುದಿಲ್ಲ. ‘ನಾನು ತಿಳಿಯುತ್ತಿದ್ದೇನೆ’ ಅಂತ ಮನೆಯಲ್ಲಿ ಯಾರಾದರೂ ಹೇಳುತ್ತಾರಾ? ಗೊತ್ತು ಅನ್ನುತ್ತೇವೆ, ಅಷ್ಟೇ. ಎಷ್ಟೋ ಕಡೆ ನಮ್ಮ ಮಾತೇ ಇಂಗ್ಲಿಷಿಗೆ ಹತ್ತಿರ ಇತ್ತು, ಚಾರ್ಟ್ ನಮ್ಮನ್ನು ದೂರ ಕೊಂಡುಹೋಗಿತ್ತು. ಇದನ್ನು ಶಾಲೆಯಲ್ಲಿದ್ದಾಗಲೇ ಕಂಡುಕೊಳ್ಳಬೇಕಿತ್ತು ಅಂತ ನನಗೆ ಈಗಲೂ ನೋವಿದೆ.

ಮಲ್ಪೆಯ ದೋಣಿ, ಪರ್ಯಾಯ, ಲೈಟ್‌ಹೌಸ್

ಚಾರ್ಟ್ ಹೋಯಿತು. ಅದರ ಜಾಗಕ್ಕೆ ಏನಾದರೂ ಬೇಕಲ್ಲ. ಪದ ನೋಡಬೇಡಿ, ಸಂಗತಿ ನೋಡಿ ಅಂದೆ. ಇದು ಶುರುವಾಗಿ ಒಂದು ದಿನ ಮುಗಿಯುವಂಥದ್ದಾ, ನಾವೀಗ ಅದರ ಮಧ್ಯದಲ್ಲಿ ಇದ್ದೇವಾ? ಹೌದಾದರೆ ಇಂಗ್. ಸುಮ್ನೆ ಇರುವಂಥದ್ದಾ, ಮತ್ತೆ ಮತ್ತೆ ಆಗುವಂಥದ್ದಾ? ಇಂಗ್ ಬೇಡ.

ಅದು ಜೂನ್ ತಿಂಗಳು. ಕಿಟಕಿ ಹೊರಗೆ ಮಳೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆ ನಿಷೇಧ, ಮಲ್ಪೆ ಬಂದರಿನಲ್ಲಿ ಬೋಟುಗಳೆಲ್ಲ ಸಾಲಾಗಿ ನಿಂತಿದ್ದವು. ಇವರ ಗಂಡ ಬೋಟಿನ ಕೆಲಸದವರು, ಮನೆಯಲ್ಲಿದ್ದರು. ಗಂಡನ ಬಗ್ಗೆ ಎರಡು ವಾಕ್ಯ ಹೇಳಿ ಅಂದೆ. ಸ್ವಲ್ಪ ಯೋಚನೆ ಮಾಡಿ ಹೇಳಿದರು: "ಹಿ ವರ್ಕ್ಸ್ ಆನ್ ಎ ಬೋಟ್. ಹಿ ಈಸ್ ನಾಟ್ ವರ್ಕಿಂಗ್ ನೌ."

ಎರಡೂ ಒಂದೇ ದಿನದ ನಿಜ. ಮೊದಲನೆಯದು ಗಂಡ ಯಾರು ಅಂತ ಹೇಳುತ್ತದೆ. ಎರಡನೆಯದು ಈ ಎರಡು ತಿಂಗಳು. ಮೊದಲನೆಯ ವಾಕ್ಯ ಹೇಳುವ ಹೊತ್ತಿಗೆ ಆ ಮನುಷ್ಯ ಮನೆಯ ಜಗಲಿಯಲ್ಲಿ ಬಲೆ ರಿಪೇರಿ ಮಾಡುತ್ತಿದ್ದರೂ ವಾಕ್ಯ ಸುಳ್ಳಾಗುವುದಿಲ್ಲ.

"ಹಾಗಾದ್ರೆ ಇಂಗ್ ಅಂದ್ರೆ ಸ್ವಲ್ಪ ಹೊತ್ತಿನದ್ದು ಮಾತ್ರವಾ?" ಅಂತ ಕೇಳಿದರು. ಅಲ್ಲ. ಅದಕ್ಕೆ ಉಡುಪಿಯಲ್ಲೇ ಉತ್ತರ ಇದೆ. ಕೃಷ್ಣಮಠದ ಪೂಜೆ ಎಂಟು ಮಠಗಳಿಗೆ ಸರದಿಯ ಮೇಲೆ ಬರುತ್ತದೆ. ಎರಡು ವರ್ಷಕ್ಕೊಮ್ಮೆ ಜನವರಿ 18ಕ್ಕೆ ಪರ್ಯಾಯ, ಒಂದು ಮಠದಿಂದ ಇನ್ನೊಂದಕ್ಕೆ. ಈಗ ಪೂಜೆ ನಡೆಸುತ್ತಿರುವ ಮಠದ ಬಗ್ಗೆ ಹೇಳುವಾಗ "ಈಸ್ ಪರ್ಫಾರ್ಮಿಂಗ್ ದ ಪೂಜಾ" ಅನ್ನಬಹುದು. ಎರಡು ವರ್ಷ ಕಡಿಮೆ ಹೊತ್ತಲ್ಲ. ಆದರೂ ಅದಕ್ಕೆ ಆರಂಭ ಇದೆ, ಕೊನೆ ಇದೆ, ನಾವು ಮಧ್ಯದಲ್ಲಿ ಇದ್ದೇವೆ. ಪರ್ಯಾಯ ಅನ್ನುವ ಪದ್ಧತಿಯ ಬಗ್ಗೆ ಹೇಳುವಾಗ "ಟೇಕ್ಸ್ ಪ್ಲೇಸ್ ಎವ್ರಿ ಟು ಇಯರ್ಸ್". ಗಡಿಯಾರ ನೋಡಬೇಕಾಗಿಲ್ಲ, ತುದಿ ಇದೆಯಾ ನೋಡಬೇಕು.

ಇದು ಅವರಿಗೆ ಕೂಡಲೇ ಹಿಡಿಯಿತು. ಮರುದಿನ ಅವರೇ ಒಂದು ಜೋಡಿ ತಂದರು. ಕಾಪುವಿನ ಬಂಡೆಯ ಮೇಲೆ 1901ರಲ್ಲಿ ಕಟ್ಟಿದ ಲೈಟ್‌ಹೌಸ್ ಇದೆ. "ಲೈಟ್‌ಹೌಸ್ ಬಂಡೆ ಮೇಲೆ ನಿಂತಿದೆ, ಸ್ಟ್ಯಾಂಡ್ಸ್. ನನ್ನ ಮಗಳು ಲೈಟ್‌ಹೌಸ್ ಕೆಳಗೆ ನಿಂತಿದ್ದಾಳೆ, ಈಸ್ ಸ್ಟ್ಯಾಂಡಿಂಗ್. ಸರಿಯಾ ಟೀಚರ್?" ಎಷ್ಟು ಸರಿ! ಕನ್ನಡದಲ್ಲಿ ಇಬ್ಬರೂ ನಿಂತೇ ಇದ್ದಾರೆ. ಇಂಗ್ಲಿಷ್ ಮಾತ್ರ ಮಗು ಓಡಿಹೋಗುತ್ತದೆ, ಲೈಟ್‌ಹೌಸ್ ಹೋಗುವುದಿಲ್ಲ ಅಂತ ಕ್ರಿಯಾಪದದಲ್ಲೇ ಗುರುತು ಮಾಡುತ್ತದೆ. ಮೂವತ್ತು ವರ್ಷ ಪಾಠ ಮಾಡಿದ ನನಗೆ ಇಷ್ಟು ಚೆಂದದ ಉದಾಹರಣೆ ಹೊಳೆದಿರಲಿಲ್ಲ.

ನೋವಿನ ಪ್ರಶ್ನೆಯೂ ಇಲ್ಲೇ ಬಿಡಿಸಿಕೊಂಡಿತು. ನೋವು ಬರುತ್ತದೆ, ಹೋಗುತ್ತದೆ, ಈಗ ಇದೆಯಾ ಅಂತ ಕೇಳಬಹುದು. ಹಾಗಾಗಿ ಹ್ಯಾವಿಂಗ್ ಪೇನ್ ಒಪ್ಪುತ್ತದೆ. ಶುಗರ್ ಕಾಯಿಲೆ ಬೆಳಿಗ್ಗೆ ಬಂದು ಸಂಜೆ ಹೋಗುವಂಥದ್ದಲ್ಲ. ಲಿವ್ಸ್ ಅಲೋನ್ ಕೂಡ ಹಾಗೇ. ಟಿಪ್ಪಣಿಯ ಅಜ್ಜನದ್ದು ಒಂಟಿ ಮನೆ, ಅದು ಅವರ ಬದುಕು. "ಈಸ್ ಲಿವಿಂಗ್ ಅಲೋನ್" ಅಂದರೆ ಮಗಳು ಎಲ್ಲೋ ಹೋಗಿದ್ದಾಳೆ, ಬರುವವರೆಗೆ ಒಬ್ಬರೇ ಅನ್ನುವ ಅರ್ಥ ಬರುತ್ತದೆ. ಡಿಸ್ಚಾರ್ಜ್ ಆದ ಮೇಲೆ ನೋಡಿಕೊಳ್ಳುವವರು ಯಾರು ಅಂತ ತೀರ್ಮಾನಿಸುವವರಿಗೆ ಈ ವ್ಯತ್ಯಾಸ ಬೇಕು.

ಬಸ್ಸು ಬಿಟ್ಟಿತೋ, ಬಿಡುತ್ತಿತ್ತೋ

ಭೂತಕಾಲಕ್ಕೆ ಹೆಚ್ಚು ದಿನ ಹಿಡಿಯಲಿಲ್ಲ. ಕಾಪು ಸ್ಟಾಪಿನಿಂದ ಉಡುಪಿಗೆ ದಿನಾ ಬಸ್ಸು ಹಿಡಿಯುವವರು ಅವರು. "ವೆನ್ ಐ ರೀಚ್ಡ್ ದ ಸ್ಟಾಪ್, ದ ಬಸ್ ವಾಸ್ ಲೀವಿಂಗ್" ಅಂದರೆ ಕಂಡಕ್ಟರ್ ಸೀಟಿ ಊದಿದ್ದಾನೆ, ಚಕ್ರ ತಿರುಗುತ್ತಿದೆ, ಓಡಿದರೆ ಸಿಗುತ್ತದೆ. "ದ ಬಸ್ ಲೆಫ್ಟ್" ಅಂದರೆ ಕಥೆ ಅಲ್ಲಿಗೆ ಮುಗಿಯಿತು. ವಾಸ್ ಜೊತೆಗಿನ ಇಂಗ್ ಸಾಮಾನ್ಯವಾಗಿ ಹಿನ್ನೆಲೆ, ಅದರ ನಡುವೆ ಇನ್ನೇನೋ ಆಗುತ್ತದೆ. ಅಜ್ಜ ಮೆಟ್ಟಿಲು ಹತ್ತುತ್ತಿದ್ದರು, ಜಾರಿದರು. ಹಿ ವಾಸ್ ಕ್ಲೈಂಬಿಂಗ್ ದ ಸ್ಟೇರ್ಸ್ ವೆನ್ ಹಿ ಸ್ಲಿಪ್ಡ್. ಆ ಪತ್ರದಲ್ಲಿ ಇಂಗ್ ಬೇಕಾಗಿದ್ದ ಇನ್ನೊಂದು ಜಾಗ ಇದೇ. ಅವರು ಅಲ್ಲಿ ಮಾತ್ರ "ಹಿ ಕ್ಲೈಂಬ್ಡ್ ದ ಸ್ಟೇರ್ಸ್ ಅಂಡ್ ಸ್ಲಿಪ್ಡ್" ಅಂತ ಬರೆದಿದ್ದರು. ಪೂರ್ತಿ ಹತ್ತಿ ಆದಮೇಲೆ ಜಾರಿದ ಹಾಗೆ.

ಆಮೇಲೆ ಆರು ವಾರ ಒಂದೇ ಅಭ್ಯಾಸ. ಡ್ಯೂಟಿ ಮುಗಿದ ಮೇಲೆ ಐದು ವಾಕ್ಯ. ಪ್ರತಿ ಇಂಗ್ ಪಕ್ಕದಲ್ಲಿ ತುದಿ ಎಲ್ಲಿ ಅಂತ ಕನ್ನಡದಲ್ಲಿ ಒಂದು ಮಾತು. "ಈಸ್ ಯೂಸಿಂಗ್ ಎ ವಾಕರ್" ಪಕ್ಕದಲ್ಲಿ "ಪ್ಲಾಸ್ಟರ್ ತೆಗೆಯುವವರೆಗೆ". "ಈಸ್ ಸ್ಟೇಯಿಂಗ್ ವಿತ್ ಹಿಸ್ ಡಾಟರ್" ಪಕ್ಕದಲ್ಲಿ "ಓಡಾಡಲು ಆಗುವವರೆಗೆ". ತುದಿ ಬರೆಯಲು ಆಗದಿದ್ದರೆ ಇಂಗ್ ಹೊಡೆದು ಹಾಕುವುದು. ಮೊದಲ ವಾರ ಒಂದು ವಾಕ್ಯಕ್ಕೆ ಐದು ನಿಮಿಷ ಬೇಕಾಗುತ್ತಿತ್ತು. ಕೊನೆಗೆ ಪಕ್ಕದ ಮಾತು ಬರೆಯುವುದೇ ಅವರಿಗೆ ಮರೆತುಹೋಗುತ್ತಿತ್ತು. ನಾನೂ ನೆನಪಿಸಲಿಲ್ಲ.

ಮನೆಯಲ್ಲಿ, ಬಸ್ಸಿನಲ್ಲಿ, ವಾರ್ಡಿನಲ್ಲಿ ನಾವು ನಮ್ಮ ನಡುವೆ "ಐ ಆಮ್ ಹ್ಯಾವಿಂಗ್ ಟು ಬ್ರದರ್ಸ್" ಅಂದರೆ ಎಲ್ಲರಿಗೂ ಅರ್ಥವಾಗುತ್ತದೆ. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ ಅಂತ ನಾನು ಅವರಿಗೆ ಮೊದಲೇ ಹೇಳಿದ್ದೆ. ದೂರದಲ್ಲಿ ಕೂತು ಬರೀ ಕಾಗದ ನೋಡಿ ರೋಗಿಯನ್ನು ಕೈಗೆ ತೆಗೆದುಕೊಳ್ಳುವವರಿಗೆ ಬರೆಯುವಾಗ ಮಾತ್ರ ಬೇರೆ ಎಚ್ಚರ ಬೇಕು.

ಎರಡನೇ ಸಲದ ಫಲಿತಾಂಶದಲ್ಲಿ ಬರಹಕ್ಕೆ 330 ಬಂತು.

ಬ್ರಿಟನ್ನಿಗೆ ಹೋಗಿ ಎರಡು ತಿಂಗಳಾದ ಮೇಲೆ ಅವರಿಂದ ವಾಟ್ಸಾಪ್ ಬಂತು. ಬಾಡಿಗೆ ಮನೆಯ ಕಿಟಕಿಯ ಫೋಟೋ, ಕೆಳಗೆ ಇಂಗ್ಲಿಷಿನಲ್ಲಿ: "ಐ ಆಮ್ ಲಿವಿಂಗ್ ಇನ್ ಲೀಡ್ಸ್, ಟೀಚರ್." ಕೂಡಲೇ ಇನ್ನೊಂದು ಮೆಸೇಜ್, ಇದು ಕನ್ನಡದಲ್ಲಿ: "ಇಂಗ್ ಬೇಕಂತಲೇ ಹಾಕಿದ್ದೇನೆ, ತಪ್ಪಲ್ಲ. ಮಗಳು ಶಾಲೆಗೆ ಸೇರುವ ಮೊದಲು ಕಾಪುವಿಗೆ ಬರ್ತೇನೆ."

ಅದರ ಕೆಳಗೆ ಮೂರನೆಯದು: "ಐ ಆಮ್ ವರ್ಕಿಂಗ್ ಹಿಯರ್ ಸಿನ್ಸ್ ಟು ಮಂತ್ಸ್." ಎರಡು ತಿಂಗಳಿಂದ ಮಾಡ್ತಾ ಇದ್ದೇನೆ ಅನ್ನುವುದು ನೇರವಾಗಿ ಹಾಗೇ ಇಳಿದಿದೆ. ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಫಾರ್ ಟು ಮಂತ್ಸ್ ಆಗಬೇಕಿತ್ತು. ಇಲ್ಲಿದ್ದಾಗ ನಾವು ಆ ಪಾಠಕ್ಕೆ ಬಂದಿರಲೇ ಇಲ್ಲ. ಈಗ ಭಾನುವಾರ ಅವರ ಡ್ಯೂಟಿ ಮುಗಿದ ಮೇಲೆ ಫೋನಿನಲ್ಲಿ ಅದನ್ನು ತೆಗೆದುಕೊಂಡಿದ್ದೇವೆ.